ಸಿಟಿಎಬಿ, 25 ಗ್ರಾಂ ಡಬ್ಬ: ಕ್ಷಾರಕ್ಕೆ ಕೊಳ್ಳಿ, ಆಮ್ಲಕ್ಕೆ ಬೇಡ

ಕಾಸರಗೋಡಿನ ಮುರಕಲ್ಲಿನ ಕೆಂಪು ಹೆಮಟೈಟಿನದು, ಹಳದಿ ಗೋಯೆಥೈಟಿನದು; ಎರಡೂ ಕಬ್ಬಿಣದ ಖನಿಜಗಳು. ಆ ಗೋಯೆಥೈಟನ್ನೇ ಲ್ಯಾಬಿನಲ್ಲಿ ನ್ಯಾನೋ ಸೂಜಿಗಳಾಗಿ ಬೆಳೆಸಲು ಹೊರಟವರು ಸಾಮಾನ್ಯವಾಗಿ ಮೊದಲು ತರಿಸುವ ಸರ್ಫ್ಯಾಕ್ಟಂಟ್ (ಸೋಪಿನಂತೆ ಮೇಲ್ಮೈಗೆ ಅಂಟುವ ವಸ್ತು) ಸಿಟಿಎಬಿ, ಅಂದರೆ ಸಿಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್. ಪುಡಿ ಒಳ್ಳೆಯದೇ. ಆದರೆ ಅದು ಹಣಕ್ಕೆ ತಕ್ಕ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ನಿಮ್ಮ ದ್ರಾವಣದ ಪಿಎಚ್ ಮೇಲೆ ನಿಂತಿದೆ.

ಕೊಳ್ಳುವಾಗ ಲೇಬಲ್ ಓದಿ. ಅಣುತೂಕ 364.45, ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ) 57-09-0 ಇರಬೇಕು. ಔಷಧ ದರ್ಜೆಯ ‘ಸೆಟ್ರಿಮೈಡ್’ ಬೇರೆ ಮಾಲು. ಅದರಲ್ಲಿ ಹೆಚ್ಚಿನ ಪಾಲು 14 ಇಂಗಾಲದ ಸರಪಳಿಯದು, ಸಿಟಿಎಬಿಯದು 16ರದು. ಅಂಗಡಿಯವರು ಎರಡೂ ಒಂದೇ ಎಂದರೆ ಒಪ್ಪಬೇಡಿ, ಮಿಸೆಲ್ (ಅಣುಗಳ ಗುಂಪು) ಕಟ್ಟುವ ಸಾಂದ್ರತೆಯೇ ಬದಲಾಗುತ್ತದೆ. ಸೋಪುನೀರು ಮಾಡುವವರಿಗೆ ಮಾರುವ ಎಸ್‌ಎಲ್‌ಎಸ್ (ಸೋಡಿಯಂ ಲಾರಿಲ್ ಸಲ್ಫೇಟ್) ಕೂಡ ಇನ್ನೊಂದು ಸರ್ಫ್ಯಾಕ್ಟಂಟ್ ಆದ ಲ್ಯಾಬಿನ ಎಸ್‌ಡಿಎಸ್‌ಗೆ (ಸೋಡಿಯಂ ಡೋಡೆಸೈಲ್ ಸಲ್ಫೇಟ್) ಬದಲಿ ಅಲ್ಲ, ಅದರಲ್ಲಿ ಬೇರೆ ಬೇರೆ ಉದ್ದದ ಸರಪಳಿಗಳು ಬೆರೆತಿರುತ್ತವೆ.

ದೊಡ್ಡ ಡಬ್ಬ ದಂಡ. 100 ಮಿಲಿ ದ್ರಾವಣದಲ್ಲಿ 5 ಮಿಲಿಮೋಲಾರ್ ಬೇಕಾದರೆ 182 ಮಿಲಿಗ್ರಾಂ ಸಾಕು, 25 ಗ್ರಾಂನಲ್ಲಿ ನೂರಕ್ಕೂ ಹೆಚ್ಚು ಬ್ಯಾಚ್ ಆಗುತ್ತದೆ. ಪುಡಿ ತೇವ ಎಳೆಯುತ್ತದೆ. ಆಟಿಯ ಮಳೆಯಲ್ಲಿ ಮುಚ್ಚಳ ಸಡಿಲವಿದ್ದರೆ ಗಂಟುಕಟ್ಟಿ ತೂಕ ತಪ್ಪುತ್ತದೆ, ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಇಡಿ.

ಕ್ಷಾರದ ದಾರಿಯಲ್ಲಿ ಇದಕ್ಕೆ 5ಕ್ಕೆ 4 ಅಂಕ. ಗೋಯೆಥೈಟಿನ ಮೇಲ್ಮೈ ಪಿಎಚ್ ಸುಮಾರು 8-9ರಿಂದ ಮೇಲೆ ಋಣ ವಿದ್ಯುದಂಶ ಪಡೆಯುತ್ತದೆ, ಸಿಟಿಎಬಿಯ ತಲೆ ಧನ. ಅಂಟಿಕೊಳ್ಳುತ್ತದೆ, ಅಂಟಿದ ಮುಖ ನಿಧಾನ ಬೆಳೆಯುತ್ತದೆ. 86 ಮಿಲಿ ಡಿಸ್ಟಿಲ್ಡ್ ನೀರನ್ನು 40 ಡಿಗ್ರಿಗೆ ಬಿಸಿಮಾಡಿ ಅದರಲ್ಲಿ ಸಿಟಿಎಬಿ ಕರಗಿಸಿಡಿ. ಪಾಲಿಥೀನ್ ಬಾಟಲಿಯಲ್ಲಿ 1 ಮೋಲಾರ್ ಫೆರಿಕ್ ನೈಟ್ರೇಟ್ 5 ಮಿಲಿ ತೆಗೆದುಕೊಂಡು, ಕಲಕುತ್ತಾ 5 ಮೋಲಾರ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) 9 ಮಿಲಿ ಬೇಗ ಹಾಕಿ. ಕೆಂಗಂದು ಫೆರಿಹೈಡ್ರೈಟ್ (ಇನ್ನೂ ಸರಿಯಾಗಿ ಹರಳುಗಟ್ಟದ ಕಬ್ಬಿಣದ ಗಸಿ) ಬಿದ್ದ ಕೂಡಲೇ ಸಿಟಿಎಬಿ ನೀರು ಸೇರಿಸಿ, ಮುಚ್ಚಿ, 70 ಡಿಗ್ರಿಯ ಓವನ್ನಿನಲ್ಲಿ 60 ಗಂಟೆ ಇಡಿ. ಕಂದು ಹೋಗಿ ಕಾವಿಹಳದಿ ಬರಬೇಕು. ಬಾರದಿದ್ದರೆ ಫೆರಿಹೈಡ್ರೈಟ್ ಪೂರ್ತಿ ಮಾರ್ಪಟ್ಟಿಲ್ಲ, ಆಗ ಮೊದಲ ಅನುಮಾನ ಸಿಲಿಕೇಟಿನ ಮೇಲೆ. ಗಾಜಿನ ಬಾಟಲಿಯಿಂದ ಕ್ಷಾರ ಸಿಲಿಕೇಟ್ ಎಳೆದುಕೊಳ್ಳುತ್ತದೆ, ಬಾವಿನೀರಿನಲ್ಲೂ ಅದಿರುತ್ತದೆ, ಅದು ಸ್ಫಟಿಕವಾಗುವುದನ್ನೇ ತಡೆಯುತ್ತದೆ.

ಜತೆಗೆ ಸಿಟಿಎಬಿ ಇಲ್ಲದ ಬಾಟಲಿಯೊಂದನ್ನು ಇಡಲೇಬೇಕು. ಗೋಯೆಥೈಟ್ ತಾನಾಗಿಯೇ ಸೂಜಿಯಾಗಿ ಬೆಳೆಯುವ ಖನಿಜ. ಸರ್ಫ್ಯಾಕ್ಟಂಟ್ ಬದಲಿಸಬಲ್ಲದ್ದು ಉದ್ದ-ದಪ್ಪದ ಅನುಪಾತ ಮತ್ತು ಒಂದಕ್ಕೊಂದು ಅಂಟುವ ಗುಣ. ಹೋಲಿಕೆಯ ಚಿತ್ರವಿಲ್ಲದೆ ‘ಸಿಟಿಎಬಿಯಿಂದ ಸೂಜಿ ಬಂತು’ ಎಂದು ಬರೆದ ವರದಿಗೆ ಬೆಲೆ ಇಲ್ಲ.

ಆಮ್ಲದ ದಾರಿಯಲ್ಲಿ 1 ಅಂಕ, ಅದೂ ದಾಕ್ಷಿಣ್ಯಕ್ಕೆ. 0.1 ಮೋಲಾರ್ ಫೆರಿಕ್ ಕ್ಲೋರೈಡನ್ನು 70 ಡಿಗ್ರಿಯಲ್ಲಿ 48 ಗಂಟೆ ಇಟ್ಟರೆ ಬರುವುದು ಗೋಯೆಥೈಟಲ್ಲ, ಅಕಾಗನೈಟ್ ಎಂಬ ಬೇರೆ ಕಬ್ಬಿಣದ ಖನಿಜ, ಅದೂ ಸ್ವಭಾವತಃ ಕದಿರಿನ ಆಕಾರದ್ದೇ. ಅಲ್ಲಿ ಮೇಲ್ಮೈಯೂ ಧನ, ಸರ್ಫ್ಯಾಕ್ಟಂಟೂ ಧನ. ನಡುವೆ ಕ್ಲೋರೈಡ್ ಬಂದು ಬೆಸೆದರಷ್ಟೇ ಸಂಬಂಧ. ಋಣದ ಎಸ್‌ಡಿಎಸ್ ಅಲ್ಲಿ ಅಂಟುತ್ತದೆ, ಆದರೆ ಫೆರಿಕ್ ಅಯಾನಿನೊಂದಿಗೇ ಸೇರಿ ಗಸಿಯಾಗುವ ಕಾಟವಿದೆ. ಎಸ್‌ಡಿಎಸ್ ಅನ್ನು ಕ್ಷಾರದಲ್ಲಿ ಬಳಸುವ ಹಟವಿದ್ದರೆ ಕೆಒಎಚ್ ಬಿಟ್ಟು ಎನ್‌ಎಒಎಚ್ (ಸೋಡಿಯಂ ಹೈಡ್ರಾಕ್ಸೈಡ್) ಹಾಕಿ, ಕೆಒಎಚ್ ಜತೆ ಸೇರಿ ಆಗುವ ಪೊಟ್ಯಾಸಿಯಂ ಡೋಡೆಸೈಲ್ ಸಲ್ಫೇಟ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ.

ಈ ಡಬ್ಬದ ನಿಜವಾದ ತಲೆನೋವು ತೊಳೆಯುವುದು. ಸಿಟಿಎಬಿ ಸುಮಾರು 25 ಡಿಗ್ರಿಯ ಕೆಳಗೆ ಬಿಳಿ ಹರಳಾಗಿ ಬೀಳುತ್ತದೆ. ಎಸಿ ಕೋಣೆಯಲ್ಲಿ ತಣಿಸಿ ಸೋಸಿದರೆ ಆ ಹರಳೂ ಉತ್ಪನ್ನದಲ್ಲೇ ಉಳಿಯುತ್ತದೆ. ಬೆಚ್ಚಗಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿ, 45 ಡಿಗ್ರಿಯ ನೀರಿನಲ್ಲಿ ತೊಳೆದು, ಆಮೇಲೆ ಎಥನಾಲಿನಲ್ಲಿ ತೊಳೆಯಿರಿ. ನಿರ್ವಾತದಲ್ಲಿ ಸೋಸಲು ಹೋದರೆ ನೊರೆ ಪಂಪಿನ ಕೊಳವೆಗೆ ಹತ್ತುತ್ತದೆ. ಎಫ್‌ಟಿಐಆರ್ (ಅವಗೆಂಪು ಬೆಳಕಿನ) ಪರೀಕ್ಷೆಯಲ್ಲಿ ಇಂಗಾಲದ ಸರಪಳಿಯ ಗುರುತಾದ 2920 ಮತ್ತು 2850ರ ಗೆರೆಗಳು ಉಳಿದಿದ್ದರೆ ಸಿಟಿಎಬಿ ಇನ್ನೂ ಹೋಗಿಲ್ಲ. ಫರ್ನೇಸಿನಲ್ಲಿ ಸುಟ್ಟು ತೆಗೆಯೋಣವೆಂದರೆ 250-300 ಡಿಗ್ರಿಯ ಹೊತ್ತಿಗೆ ಗೋಯೆಥೈಟ್ ನೀರು ಬಿಟ್ಟು ಹೆಮಟೈಟ್ ಆಗಿಬಿಡುತ್ತದೆ. ಸೂಜಿಯ ಆಕಾರ ಉಳಿದೀತು, ಮೈತುಂಬ ರಂಧ್ರ. ಹೆಮಟೈಟೇ ಬೇಕಿದ್ದವರಿಗೆ ಇದು ಲಾಭ, ಉಳಿದವರಿಗೆ ಬ್ಯಾಚೇ ಹೋಯಿತು.

ಪುಡಿ ತೂಗುವಾಗ ಕನ್ನಡಕ ಬಿಡಬೇಡಿ, ಕಣ್ಣಿಗೆ ತೀವ್ರ ಹಾನಿ ಮಾಡುತ್ತದೆ. ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ತ್ಯಾಜ್ಯದ ಕ್ಯಾನಿಗೆ ಹಾಕಿ. ತೋಡಿಗೆ ಸೇರಿದರೆ ಮೀನಿಗೆ ವಿಷ.