ಗೋಣಿ ಕಾಕನ ಅಂಗಡಿ ಮತ್ತು ನಮ್ಮ ಜೀಪ್ ಶೆಡ್ಡಿನ ಕೌಬಾಯ್ ಸಂಜೆ

ಕೊಡಗಿನ ಕುಶಾಲನಗರದ ಒಂದು ಓಣಿಯಲ್ಲಿ ಹಳೆಯ ಗೋಣಿಚೀಲಗಳ ಅಂಗಡಿಯೊಂದಿದೆ. ಅದಕ್ಕೆ ನಾಮಫಲಕವಿಲ್ಲ. ‘ಗೋಣಿ ಕಾಕ’ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ನಾನು ಅಲ್ಲಿಗೆ ಹೋದದ್ದು ತೋಟದ ಕೆಲಸಕ್ಕಲ್ಲ, ಮಗನ ಹನ್ನೊಂದನೆಯ ಹುಟ್ಟುಹಬ್ಬಕ್ಕೆ. ಈ ವರ್ಷ ಅವನು ಕೇಳಿದ್ದು ಕೌಬಾಯ್ ಪಾರ್ಟಿ. ಹಾಲ್ ಬಾಡಿಗೆ, ಅಲಂಕಾರ ಮಾಡುವವರು ಎಂದು ಹೊರಟರೆ ನಮ್ಮಂಥ ಸಣ್ಣ ಬೆಳೆಗಾರರಿಗೆ ನಿಲುಕದು. ಅಲಂಕಾರಕ್ಕೆ ಮೂರು ಸಾವಿರ ರೂಪಾಯಿ, ಜಾಗ ನಮ್ಮ ಜೀಪ್ ಶೆಡ್ಡು ಎಂದು ತೀರ್ಮಾನಿಸಿದೆವು. ಸುಂಟಿಕೊಪ್ಪದ ಕಡೆಯ ನಮ್ಮ ಮನೆಯ ಪಕ್ಕದಲ್ಲಿರುವ ಆ ಶೆಡ್ಡಿಗೆ ಮೂರು ಕಡೆ ಇಟ್ಟಿಗೆ ಗೋಡೆ, ಒಂದು ಕಡೆ ಷಟರ್, ಮೇಲೆ ಜಿಂಕ್ ಶೀಟು. ನೆಲದಲ್ಲಿ ಹತ್ತು ವರ್ಷದ ಎಂಜಿನ್ ಎಣ್ಣೆಯ ಕಲೆ.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ಬೇರೆಯವರ ದುಡ್ಡಾದರೂ ಉಳಿಯಲಿ. ಆನ್‌ಲೈನ್‌ನಲ್ಲಿ 1,299 ರೂಪಾಯಿಗೆ ‘ವೆಸ್ಟರ್ನ್ ಪಾರ್ಟಿ ಕಿಟ್’ ತರಿಸಿದೆ. ಚಿತ್ರದಲ್ಲಿ ಮರದ ಸಲೂನು (ಕೌಬಾಯ್ ಕಾಲದ ಹೆಂಡದಂಗಡಿ), ಗಾಡಿ ಚಕ್ರ, ಲಾಟೀನು ಎಲ್ಲವೂ ಇದ್ದವು. ಪೊಟ್ಟಣ ಬಿಚ್ಚಿದರೆ ಅವೆಲ್ಲ ಒಂದೇ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲಿನ ಮುದ್ರಣ. ಮಡಿಸಿದ ಗೆರೆಗಳು ಇಸ್ತ್ರಿ ಹಾಕಲೂ ಆಗದಂತೆ ಉಳಿದಿದ್ದವು. ಜೊತೆಗೆ ಪ್ಲಾಸ್ಟಿಕ್ ಕಡ್ಡಿಯ ಬಲೂನು, ಥರ್ಮೋಕೋಲಿನ ಕಳ್ಳಿ ಗಿಡ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದಲ್ಲಿವೆ. ತೋಡಿನಲ್ಲಿ, ಕಾಫಿ ಬುಡದಲ್ಲಿ ಪ್ಲಾಸ್ಟಿಕ್ ಹೆಕ್ಕಿ ಹೆಕ್ಕಿ ಸಾಕಾದ ನನಗೆ ಅದನ್ನು ನೋಡಿ ನಿಜಕ್ಕೂ ಸಿಟ್ಟು ಬಂತು. ಹಿಂದಿರುಗಿಸುತ್ತೇನೆಂದರೆ ಮಾರಿದವರಿಂದ ಉತ್ತರವಿಲ್ಲ. ಆ ಕಿಟ್ಟಿನಲ್ಲಿ ಉಪಯೋಗಕ್ಕೆ ಬಂದದ್ದು ಹದಿನಾಲ್ಕು ಕೆಂಪು ಕುತ್ತಿಗೆ ವಸ್ತ್ರಗಳು ಮಾತ್ರ. ಅವುಗಳ ಹತ್ತಿ ಚೆನ್ನಾಗಿತ್ತು, ಬಣ್ಣವೂ ಬಿಡಲಿಲ್ಲ. ಕೌಬಾಯ್‌ಗಳು ಧೂಳಿಗೆ ಮೂಗಿನ ಮೇಲೆ ಕಟ್ಟಿಕೊಳ್ಳುತ್ತಿದ್ದ ಈ ಬಟ್ಟೆಗೆ ಬಂಡಾನಾ ಎನ್ನುತ್ತಾರೆ. ಆ ಹೆಸರು ಹೋದದ್ದೇ ನಮ್ಮ ದೇಶದಿಂದ, ಬಟ್ಟೆಯನ್ನು ಗಂಟು ಕಟ್ಟಿ ಬಣ್ಣ ಹಾಕುವ ‘ಬಾಂಧನಿ’ಯ ಪದಮೂಲದಿಂದ.

ಕಿಟ್ಟಿನ ಕಳ್ಳಿಯ ಬಗ್ಗೆಯೂ ಒಂದು ಮಾತು. ಎರಡು ಕೈ ಎತ್ತಿ ನಿಂತ ಆ ಎತ್ತರದ ಕಳ್ಳಿಯ ಹೆಸರು ಸಾಗ್ವಾರೊ. ಅದು ಬೆಳೆಯುವುದು ಅರಿಜೋನಾ ಮತ್ತು ಮೆಕ್ಸಿಕೊ ಕಡೆಯ ಸೊನೊರಾ ಮರುಭೂಮಿಯಲ್ಲಿ. 1860ರ ದಶಕದ ಕೊನೆಯಿಂದ ಕೌಬಾಯ್‌ಗಳು ದನದ ಮಂದೆಗಳನ್ನು ಹೊಡೆದುಕೊಂಡು ಹೋದ ಹೆಸರುವಾಸಿ ದಾರಿ ಟೆಕ್ಸಾಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ. ಆ ದಾರಿಯಲ್ಲಿ ಸಾಗ್ವಾರೊ ಇಲ್ಲ. ಟೆಕ್ಸಾಸ್‌ನಲ್ಲಿರುವುದು ಚಪ್ಪಟೆ ಎಲೆಯಂಥ ಪಾಪಸುಕಳ್ಳಿ, ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವಂಥದ್ದು. ನಮ್ಮಲ್ಲಿಗೆ ಅದು ಬಂದದ್ದೂ ಅಮೆರಿಕ ಖಂಡದಿಂದಲೇ. ಹಾಗಾಗಿ ಗೊಬ್ಬರದ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಪಾಪಸುಕಳ್ಳಿ ಮಾಡಿದೆವು. ಹಸಿರು, ಹಳದಿ ಪೋಸ್ಟರ್ ಬಣ್ಣಕ್ಕೆ ನೂರು ರೂಪಾಯಿ. ಮಗನ ಗೆಳೆಯರಿಗೆ ಪಾರ್ಟಿಯ ಹಿಂದಿನ ದಿನ ಅದೇ ಒಂದು ಹಬ್ಬವಾಯಿತು.

ಈಗ ಅಂಗಡಿಯ ವಿಷಯ. ಕುಶಾಲನಗರ, ಕೂಡಿಗೆ ಸುತ್ತ ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳು ಬಹಳ. ಅಲ್ಲಿಂದ, ಅಕ್ಕಿ ಗಿರಣಿಗಳಿಂದ, ಕಾಳುಮೆಣಸಿನ ವ್ಯಾಪಾರಿಗಳಿಂದ ಬರುವ ಹಳೆಯ ಚೀಲಗಳನ್ನು ಕಾಕ ಕೊಂಡು, ಹರಿದದ್ದನ್ನು ಹೊಲಿಸಿ, ಮತ್ತೆ ಮಾರುತ್ತಾರೆ. ಬೆಳಗ್ಗೆ ಹತ್ತಕ್ಕೆ ಹೋದಾಗ ಅವರು ಒಬ್ಬರೇ ಕುಳಿತು ದಬ್ಬಣದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದರು. “ಗೋಡೆಗೆ ಹೊದಿಸಲು ಚೀಲ ಬೇಕಿತ್ತು ಕಾಕಾ, ಮಕ್ಕಳ ಪಾರ್ಟಿಗೆ” ಎಂದೆ. ಕೈಯಲ್ಲಿದ್ದ ದಬ್ಬಣವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಮಕ್ಕಳು ಬರುವ ಜಾಗವಾದರೆ ಗೊಬ್ಬರದ ಚೀಲ ಕೊಡುವುದಿಲ್ಲ ಮಗಳೇ. ಅಕ್ಕಿಯದೂ ಬೇಡ, ಹುಳ ಇರುತ್ತದೆ. ಕಾಫಿಯದು ತೆಗೆದುಕೊ.”

ಕಾರಣವನ್ನೂ ಅವರೇ ಬಿಡಿಸಿ ಹೇಳಿದರು. ಸೆಣಬಿನ ನಾರನ್ನು ಮಿಲ್ಲಿನಲ್ಲಿ ಮೆದು ಮಾಡಲು ಎಣ್ಣೆ ಹಾಕುತ್ತಾರೆ. ಸಾಮಾನ್ಯ ಚೀಲಕ್ಕೆ ಬಳಸುವುದು ಖನಿಜ ತೈಲ, ಹೊಸ ಗೋಣಿಗೆ ಸೀಮೆಎಣ್ಣೆಯಂಥ ವಾಸನೆ ಬರುವುದು ಅದರಿಂದ. ರಫ್ತಿನ ಕಾಫಿ, ಕೋಕೋ ತುಂಬುವ ಚೀಲಕ್ಕೆ ಸಸ್ಯಜನ್ಯ ಎಣ್ಣೆಯನ್ನೇ ಬಳಸಬೇಕು, ಇಲ್ಲವಾದರೆ ವಾಸನೆ ಬೀಜಕ್ಕೆ ಹಿಡಿಯುತ್ತದೆ. ಹದಿನೈದು ವರ್ಷದಿಂದ ಕಾಫಿ ಮಾರುತ್ತಿದ್ದರೂ ನಾನು ಇದನ್ನು ಯಾರಿಂದಲೂ ಕೇಳಿರಲಿಲ್ಲ. ಅವರು ಮೂಟೆ ಬಿಚ್ಚಿ, ಅರವತ್ತು ಕಿಲೋ ತುಂಬುವ ಆ ಚೀಲಗಳನ್ನು ಒಂದೊಂದಾಗಿ ಕೊಡವಿ, ತೂತು ಬಿದ್ದದ್ದನ್ನು ಪಕ್ಕಕ್ಕೆ ಎಸೆದು, ಕಪ್ಪು ಶಾಯಿಯ ಅಕ್ಷರ, ಅಂಕಿ ಎದ್ದು ಕಾಣುವಂಥದ್ದನ್ನು ನನಗಾಗಿ ಆರಿಸಿದರು. ಚೀಲಕ್ಕೆ ಇಪ್ಪತ್ತು ರೂಪಾಯಿಯಂತೆ ಮೂವತ್ತೆರಡು ಚೀಲ, 640 ರೂಪಾಯಿ. ತೆಂಗಿನ ನಾರಿನ ಹಗ್ಗ ಎರಡು ಸುರುಳಿ, 160. ಒಳಗಿನ ಮೂಲೆಯಲ್ಲಿ ಒರಗಿಸಿಟ್ಟ ಎತ್ತಿನಗಾಡಿಯ ಚಕ್ರವೊಂದು ಕಣ್ಣಿಗೆ ಬಿತ್ತು. ಮಾರುವುದಿಲ್ಲ, ಅದು ಅವರ ತಂದೆಯ ಗಾಡಿಯದು. ಬಾಡಿಗೆಗೆ ಕೊಡಿ ಎಂದಾಗ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಚಕ್ರಕ್ಕೆ 200, ಎರಡು ಹಳೆಯ ಲಾಟೀನಿಗೆ 100, ಒತ್ತೆಯಾಗಿ ಐನೂರು. ಚೀಲ ಕೆಡದೆ ವಾಪಸ್ ತಂದರೆ ಒಂದಕ್ಕೆ ಹನ್ನೆರಡು ರೂಪಾಯಿಯಂತೆ ತಾವೇ ಕೊಳ್ಳುವುದಾಗಿಯೂ ಹೇಳಿದರು.

ಕೊರತೆಗಳಿಲ್ಲವೆಂದಲ್ಲ. ಮೊಬೈಲ್‌ನಲ್ಲಿ ಹಣ ಕಳಿಸುವ ವ್ಯವಸ್ಥೆ ಇಲ್ಲ, ನೋಟೇ ಬೇಕು. ಚಕ್ರ ಸಾಗಿಸಲು ನಾನೇ ಪಿಕಪ್ ಹುಡುಕಬೇಕಾಯಿತು. ಅದೃಷ್ಟಕ್ಕೆ ಊರಿನ ತರಕಾರಿ ಗಾಡಿ ಸಿಕ್ಕಿತು. ಚೀಲದ ಧೂಳು ಮಾತ್ರ ಸಣ್ಣದಲ್ಲ. ಎರಡು ದಿನ ಕಾಫಿ ಕಣದಲ್ಲಿ ಬಿಸಿಲಿಗೆ ಹರಡಿ, ಕೋಲಿನಿಂದ ಬಡಿದ ಮೇಲೂ ನನ್ನ ನಾದಿನಿ ಸೀನುತ್ತಲೇ ಇದ್ದಳು. ಉಬ್ಬಸ ಇರುವ ಮಕ್ಕಳು ಬರುವವರಿದ್ದರೆ ಗೋಣಿಯನ್ನು ಗೋಡೆಗೆ ಮಾತ್ರ ಬಳಸಿ, ಕೂರಲು ಬಳಸಬೇಡಿ.

ಶೆಡ್ಡಿನಲ್ಲಿ ಮೊದಲ ಕೆಲಸ ಜೀಪನ್ನು ಅಂಗಳಕ್ಕೆ ತಂದು, ಕಳೆ ಕೊಚ್ಚುವ ಯಂತ್ರ, ಪೆಟ್ರೋಲ್ ಕ್ಯಾನು, ಸುಣ್ಣದ ಚೀಲ, ಔಷಧಿ ಡಬ್ಬಿಗಳನ್ನು ಗೋದಾಮಿಗೆ ಸಾಗಿಸಿ ಬೀಗ ಹಾಕಿದ್ದು. ಇದನ್ನು ಅರ್ಧಕ್ಕೆ ಬಿಡಬೇಡಿ. ಗೋಣಿ, ಒಣಹುಲ್ಲು, ಪೆಟ್ರೋಲು ಒಂದೇ ಚಾವಣಿಯಡಿ ಇರಲೇಬಾರದು. ಲಾಟೀನಿನೊಳಗೆ ಬತ್ತಿಯ ಬದಲು ಬ್ಯಾಟರಿಯ ಪುಟ್ಟ ದೀಪ ಇಟ್ಟೆವು. ಎಣ್ಣೆ ಕಲೆಯ ಮೇಲೆ ಮರದ ಹೊಟ್ಟು ಚೆಲ್ಲಿ ಒಂದು ರಾತ್ರಿ ಬಿಟ್ಟು ಗುಡಿಸಿದರೆ ಅರ್ಧ ಹೋಯಿತು. ಉಳಿದದ್ದರ ಮೇಲೆ ಭತ್ತದ ಹುಲ್ಲಿನ ಕಟ್ಟುಗಳನ್ನಿಟ್ಟು, ಹಳೆಯ ಬೆಡ್‌ಶೀಟು ಹೊದಿಸಿ ಆಸನ ಮಾಡಿದೆವು. ಹುಲ್ಲು ಪಕ್ಕದ ಮನೆಯ ಅಣ್ಣ ಹಸುವಿಗೆಂದು ಕೂಡಿಟ್ಟದ್ದು. ಮರುದಿನ ಹಾಗೆಯೇ ಹಿಂದಿರುಗಿಸಿದೆವು.

ಗೋಡೆಗೆ ಮೊಳೆ ಹೊಡೆಯದೆ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಚೀಲಗಳನ್ನು ಅದಕ್ಕೆ ದಬ್ಬಣದಲ್ಲಿ ಉದ್ದನೆಯ ಹೊಲಿಗೆ ಹಾಕಿ ಇಳಿಬಿಟ್ಟೆವು. ಅಂಗಡಿಯಿಂದ ತಂದ ನಾಲ್ಕು ದೀಪದ ಸರಗಳನ್ನು (ಒಂದಕ್ಕೆ 180) ಚೀಲಗಳ ಹಿಂದಿನಿಂದ ಎಳೆದಾಗ ಗೋಣಿಯ ಕಣ್ಣು ಕಣ್ಣಿನಿಂದ ಹಳದಿ ಬೆಳಕು ಸೋರಿತು. ಬಿಳಿ ಬೆಳಕಿನದನ್ನು ಕೊಳ್ಳಬೇಡಿ, ಗೋಣಿ ಬೂದಿಯ ಹಾಗೆ ಕಾಣುತ್ತದೆ. ಮಿನುಗುವುದನ್ನು ನಿಲ್ಲಿಸುವ ಗುಂಡಿ ಇದೆಯೇ ಎಂದು ಅಂಗಡಿಯಲ್ಲೇ ಉರಿಸಿ ನೋಡಿ. ಸಿಲ್ವರ್ ಓಕ್ ಹಲಗೆಯ ತುಂಡಿಗೆ ಕಬ್ಬಿಣ ಕಾಯಿಸಿ ‘ಸಲೂನು’ ಎಂದು ಬರೆದುಕೊಟ್ಟವರು ನನ್ನ ಗಂಡ. ‘ಬೇಕಾಗಿದ್ದಾರೆ’ ಪೋಸ್ಟರ್‌ಗಳನ್ನು ಬಿಳಿ ಹಾಳೆಯಲ್ಲಿ ಬರೆದು, ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆವು. ನೂರು ವರ್ಷ ಹಳೆಯದರಂತಾದವು. ಪ್ರತಿ ಮಗುವಿನ ಮುಖ, ಅದರ ಕೆಳಗೆ ಅಪರಾಧ: ಮಾವಿನಕಾಯಿ ಕದ್ದದ್ದು, ಮನೆಪಾಠ ಮರೆತದ್ದು.

ನನಗೆ ತುಂಬಾ ಇಷ್ಟವಾದದ್ದು ಜೀಪಿನ ಟ್ರೈಲರು. ದನದ ಮಂದೆಯ ಜೊತೆ ಸಾಗುತ್ತಿದ್ದ ಅಡುಗೆ ಗಾಡಿಯನ್ನು ಚಕ್‌ವ್ಯಾಗನ್ ಎನ್ನುತ್ತಾರೆ. ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಾರ ಅದನ್ನು ರೂಪಿಸಿದ್ದು 1866ರಲ್ಲಿ. ಗಾಡಿಯ ಹಿಂಬದಿಯಲ್ಲಿ ಖಾನೆಗಳಿರುವ ಪೆಟ್ಟಿಗೆ, ಅದರ ಮುಚ್ಚಳ ಬಿಚ್ಚಿದರೆ ಅದೇ ಮೇಜು. ನಮ್ಮ ಟ್ರೈಲರಿನ ಹಿಂಬಾಗಿಲೂ ಹಾಗೆಯೇ ಬಿಚ್ಚಿಕೊಳ್ಳುತ್ತದೆ! ಬಿದಿರಿನ ಬಿಲ್ಲುಗಳನ್ನು ಕಟ್ಟಿ ಮೇಲೆ ಬಿಳಿ ಪಂಚೆ ಹೊದಿಸಿ, ಪಕ್ಕಕ್ಕೆ ಕಾಕನ ಚಕ್ರ ಒರಗಿಸಿದೆವು. ಅದರಲ್ಲಿ ಬೇಯಿಸಿದ ಅವರೆಕಾಳು, ಬನ್ನು, ಮಕ್ಕಳಿಗೆ ನಿಂಬೆ ಪಾನಕ, ದೊಡ್ಡವರಿಗೆ ಕಾಫಿ. ಕೌಬಾಯ್‌ಗಳ ಊಟದಲ್ಲೂ ಕಾಳು ಮತ್ತು ಕಾಫಿಯೇ ಮುಖ್ಯ. ಅವರ ಕಾಲದಲ್ಲಿ ಆರ್ಬಕಲ್ ಎಂಬ ಕಂಪನಿ ಹುರಿದ ಕಾಫಿ ಬೀಜವನ್ನು ಪೊಟ್ಟಣದಲ್ಲಿ ಮಾರುತ್ತಿತ್ತು, ಪೊಟ್ಟಣದೊಳಗೆ ಒಂದು ಪೆಪ್ಪರ್‌ಮಿಂಟ್ ಕಡ್ಡಿಯನ್ನೂ ಇಡುತ್ತಿತ್ತು. ಇದನ್ನು ಓದಿ ನಾವೂ ಪ್ರತಿ ಮಗುವಿಗೆ ಸಣ್ಣ ಕಾಫಿ ಪುಡಿ ಪೊಟ್ಟಣದಲ್ಲಿ ಪೆಪ್ಪರ್‌ಮಿಂಟ್ ಇಟ್ಟು ಕಳಿಸಿದೆವು, ಪುಡಿ ಅಮ್ಮಂದಿರಿಗೆ. ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದದ್ದು 1854ರಲ್ಲಿ. ನಮ್ಮ ಬೆಟ್ಟಗಳಲ್ಲಿ ತೋಟಗಳು ಹಬ್ಬುತ್ತಿದ್ದ ಕಾಲದಲ್ಲೇ ಅಲ್ಲಿ ಬಯಲಿನ ಬೆಂಕಿಯ ಮೇಲೆ ಕಾಫಿ ಕುದಿಯುತ್ತಿತ್ತು. ಅದನ್ನು ತಿಳಿದ ಮೇಲೆ ಗೋಡೆಯ ಮೇಲಿನ ಕಾಫಿ ಚೀಲಗಳು ನನಗೆ ಅಗ್ಗದ ಅಲಂಕಾರವಾಗಿ ಕಾಣಲೇ ಇಲ್ಲ.

ಕೋವಿಯ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ಕೌಬಾಯ್ ಎಂದರೆ ಕೈಯಲ್ಲಿ ಕೋವಿ ಇರಬೇಕೆಂದು ಮಕ್ಕಳ ಹಟ. ಗೋಡೆಯಲ್ಲಿರುವ ಕೋವಿಯನ್ನು ಅಲಂಕಾರಕ್ಕೆ ತೂಗುಹಾಕೋಣವೇ ಎಂದು ಮೈದುನ ಕೇಳಿದ. ಮಾವ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೀಪ ಹಚ್ಚಿ ಕೈಮುಗಿಯುವ ವಸ್ತು ಅದು, ಆಟದ ಸಾಮಾನಲ್ಲ. ಅದರ ಬದಲು ನಾರಿನ ಹಗ್ಗದಲ್ಲಿ ಕುಣಿಕೆ ಮಾಡಿ, ಮರದ ಕುದುರೆಯ ಕುತ್ತಿಗೆಗೆ ಎಸೆಯುವ ಆಟ ಇಟ್ಟೆವು. ಒಂದು ಗಂಟೆ ಕಳೆದರೂ ಮಕ್ಕಳು ಅದನ್ನು ಬಿಡಲಿಲ್ಲ. ದನ ಕಾಯುವವರ ನಿಜವಾದ ಕಸುಬು ಹಗ್ಗದ್ದೇ ಎಂದು ಮಾವ ಅವರಿಗೆ ವಿವರಿಸುತ್ತಿದ್ದರು.

ಸಂಜೆ ನಾಲ್ಕೂವರೆಗೆ ಮಳೆ ಹಿಡಿಯಿತು, ಏಪ್ರಿಲ್ ಕೊನೆಯ ಗುಡುಗು ಮಳೆ. ಜಿಂಕ್ ಶೀಟಿನ ಸದ್ದಿಗೆ ಹಾಡು ಯಾರಿಗೂ ಕೇಳಿಸಲಿಲ್ಲ. ಷಟರ್‌ನ ಅಡಿಯಿಂದ ನೀರು ನುಗ್ಗಿದಾಗ ಐದು ಚೀಲಗಳನ್ನು ಕಿತ್ತು, ಸುತ್ತಿ, ಬಾಗಿಲಿಗೆ ಅಡ್ಡ ಹಾಕಿದೆವು. ನೀರು ಅಲ್ಲೇ ನಿಂತಿತು. ಕರೆಂಟು ಹೋಯಿತು, ಲಾಟೀನಿನೊಳಗಿನ ಬ್ಯಾಟರಿ ದೀಪಗಳು ಮಾತ್ರ ಉಳಿದವು. ಹದಿಮೂರು ಮಕ್ಕಳು ಮತ್ತು ನನ್ನ ಮಗ ಹುಲ್ಲಿನ ಕಟ್ಟುಗಳ ಮೇಲೆ ಒತ್ತಿಕೊಂಡು ಕುಳಿತು ಮಾವನ ಬಾಯಿಂದ ಆನೆಯ ಕಥೆ ಕೇಳಿದರು. ಆ ಅರ್ಧ ಗಂಟೆಗೆ ನಾನು ಏನನ್ನೂ ಖರ್ಚು ಮಾಡಿರಲಿಲ್ಲ.

ಲೆಕ್ಕ ಇಷ್ಟು: ಕಿಟ್ ಬಿಟ್ಟು 1,920, ಕಿಟ್ ಸೇರಿ 3,219. ಉಳಿದ ಇಪ್ಪತ್ತೇಳು ಚೀಲ ವಾಪಸ್ ಕೊಟ್ಟಾಗ 324 ಬಂತು, ಹಾಗಾಗಿ 2,895ಕ್ಕೆ ನಿಂತಿತು. ಕಾಕ ಚೀಲಗಳನ್ನು ಎಣಿಸಲೂ ಇಲ್ಲ, ನಾನು ಹೇಳಿದ ಸಂಖ್ಯೆಗೇ ದುಡ್ಡು ಕೊಟ್ಟರು. ಚಕ್ರವನ್ನು ಮಾತ್ರ ಸುತ್ತಲೂ ಕೈಯಾಡಿಸಿ ನೋಡಿದರು. ಕೀಲಿನ ಹತ್ತಿರ ಹುಲ್ಲಿನ ಎಸಳೊಂದು ಸಿಕ್ಕಿಕೊಂಡಿತ್ತು, ಅದನ್ನು ತೆಗೆದು, ಮೊದಲಿದ್ದ ಮೂಲೆಯಲ್ಲೇ ಒರಗಿಸಿದರು. ಅಂಗಡಿಗೆ ಹೋಗುವವರು ಬೆಳಗ್ಗೆ ಹೋಗಿ. ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ, ಶುಕ್ರವಾರ ರಜೆ. ಒದ್ದೆಯಾದ ಆ ಐದು ಚೀಲಗಳು ಈಗ ಒಣಗಿ ನಮ್ಮ ಗೋದಾಮಿನಲ್ಲಿವೆ, ಬರುವ ವರ್ಷದ ಕಾಳುಮೆಣಸಿಗೆ.