ಡೇರಿಗೆ ಹಾಲು ಹಾಕುವ ಹೆಂಗಸು ಯಾವ ಸಮೀಕ್ಷೆಯಲ್ಲಿ ಸಿಗುತ್ತಾಳೆ: ಮೂರು ದತ್ತಾಂಶ ಸಂಗ್ರಹಗಳ ಹೋಲಿಕೆ

ಗ್ರಾಮೀಣ ಕರ್ನಾಟಕದಲ್ಲಿ ಹಸು ಸಾಕಣೆಯನ್ನೇ ನೆಚ್ಚಿಕೊಂಡ ಹೆಂಗಸರ ದುಡಿಮೆಯ ಬಗ್ಗೆ ಬರೆಯಬೇಕಾಗಿ ಬಂದಾಗ, ಹೊಸದಾಗಿ ಸಮೀಕ್ಷೆ ನಡೆಸುವಷ್ಟು ಹಣವಾಗಲಿ ಸಮಯವಾಗಲಿ ನನ್ನಲ್ಲಿರಲಿಲ್ಲ. ಹಾಗಾಗಿ ಈಗಾಗಲೇ ಸಂಗ್ರಹವಾಗಿರುವ ಮೂರು ದತ್ತಾಂಶಗಳನ್ನು ಇಳಿಸಿಕೊಂಡು, ಅದೇ ಪ್ರಶ್ನೆಯನ್ನು ಮೂರಕ್ಕೂ ಹಾಕಿ ನೋಡಿದೆ. ಇವುಗಳಲ್ಲಿ ಯಾವುದನ್ನೂ ಗೂಗಲ್‌ನ ಡೇಟಾಸೆಟ್ ಸರ್ಚ್ ನನಗೆ ಹುಡುಕಿಕೊಡಲಿಲ್ಲ. ಎರಡರ ಸುಳಿವು ಬೇರೆಯವರ ಲೇಖನಗಳ ಕೋಷ್ಟಕದಡಿಯ ಸಣ್ಣಕ್ಷರದ ಟಿಪ್ಪಣಿಯಲ್ಲಿ ಸಿಕ್ಕಿತು, ಮೂರನೆಯದನ್ನು ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಾ ಹೇಳಿದರು.

ಮೊದಲು ತೆರೆದದ್ದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್. ಹೊಸತನದಲ್ಲಿ ಇದಕ್ಕೆ ಸಾಟಿಯಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ಆದರೆ 2022-23ರ ಕಡತ ಕೈಗೆ ಬಂದದ್ದು ಅಂಕಿಗಳನ್ನು ಒತ್ತೊತ್ತಾಗಿ ಪೋಣಿಸಿದ ಪಠ್ಯವಾಗಿ. ಎಷ್ಟನೇ ಅಕ್ಷರದಿಂದ ಎಷ್ಟನೇ ಅಕ್ಷರದವರೆಗೆ ವಯಸ್ಸು, ಎಲ್ಲಿಂದ ಎಲ್ಲಿಗೆ ಉದ್ಯೋಗದ ಸಂಕೇತ ಎಂಬುದನ್ನು ಬೇರೊಂದು ಹಾಳೆ ನೋಡಿ ನಾವೇ ಕತ್ತರಿಸಿಕೊಳ್ಳಬೇಕು. ಮಾದರಿಯ ಒಬ್ಬರು ಜನಸಂಖ್ಯೆಯ ಎಷ್ಟು ಮಂದಿಗೆ ಸಮವೆಂದು ತಿಳಿಸುವ ಅಂಕಿಯನ್ನು, ಅಂದರೆ ಮಲ್ಟಿಪ್ಲೈಯರನ್ನು, ಕೆಲವು ಸಾಲುಗಳಲ್ಲಿ 100ರಿಂದಲೂ ಕೆಲವು ಸಾಲುಗಳಲ್ಲಿ 200ರಿಂದಲೂ ಭಾಗಿಸುವುದನ್ನು ನಾನು ಮರೆತಿರಲಿಲ್ಲ. ಮರೆತದ್ದು ಅದರ ಜೊತೆಗೆ ತ್ರೈಮಾಸಿಕಗಳ ಸಂಖ್ಯೆಯಿಂದಲೂ ಭಾಗಿಸಬೇಕೆಂಬುದನ್ನು. ಕರ್ನಾಟಕದ ಜನಸಂಖ್ಯೆ 20 ಕೋಟಿ ದಾಟಿದಾಗಷ್ಟೇ ತಪ್ಪು ಕಣ್ಣಿಗೆ ಬಿತ್ತು. ಅಂದಿನಿಂದ ಯಾವ ದತ್ತಾಂಶ ತೆರೆದರೂ ಮೊದಲು ತಲೆ ಎಣಿಸಿಯೇ ಮುಂದುವರಿಯುತ್ತೇನೆ.

ನಿಜವಾದ ತೊಡಕು ಇದ್ದದ್ದು ಸಂಕೇತಗಳಲ್ಲಿ. ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದೆ ನೆರವಾಗುವವರಿಗೆ 21, ಮನೆಗೆಲಸದ ಜೊತೆಗೆ ಸೌದೆ, ಮೇವು ತರುವಂಥ ಕೆಲಸ ಮಾಡುವವರಿಗೆ 93. ಮೊದಲನೆಯವರು ದುಡಿಯುವವರ ಲೆಕ್ಕಕ್ಕೆ ಬರುತ್ತಾರೆ, ಎರಡನೆಯವರು ಬರುವುದಿಲ್ಲ. ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಂಗಸು ನಿಯಮದ ಪ್ರಕಾರ ದುಡಿಯುವವಳೇ. ಆದರೆ ಬಾಗಿಲಲ್ಲಿ ನಿಂತ ಗಣತಿದಾರ "ಏನು ಕೆಲಸ ಮಾಡ್ತೀರಮ್ಮ" ಎಂದರೆ ಆಕೆ "ಏನಿಲ್ಲ, ಮನೇಲೇ ಇದ್ದೀನಿ" ಎಂದುಬಿಟ್ಟರೆ, ಮತ್ತೊಂದು ಪ್ರಶ್ನೆ ಕೇಳುವ ತಾಳ್ಮೆ ಆತನಿಗಿತ್ತೇ ಇಲ್ಲವೇ ಎಂಬುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಸೇರಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ, ಅಂದರೆ ಐಎಚ್‌ಡಿಎಸ್, ಮೇಲುಗೈ ಪಡೆಯುವುದು ಇಲ್ಲಿಯೇ. ಮನೆಯ ಜಾನುವಾರುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅದು ಪ್ರತ್ಯೇಕವಾಗಿಯೇ ಕೇಳುತ್ತದೆ. ಹಾಗಾಗಿ "ಏನಿಲ್ಲ" ಎಂದವಳೂ ಆ ಸಾಲಿನಲ್ಲಿ ಹೆಸರು ಕೊಡುತ್ತಾಳೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿರುವ ಐಸಿಪಿಎಸ್‌ಆರ್ ಎಂಬ ದತ್ತಾಂಶ ಭಂಡಾರದಲ್ಲಿ 36151 ಎಂಬ ಸಂಖ್ಯೆಯಡಿ ಇದರ ಎರಡನೇ ಸುತ್ತು ಉಚಿತವಾಗಿ ದೊರೆಯುತ್ತದೆ. ಸ್ಟಾಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಅದರ ಕಡತ ತೆರೆದ ಅರ್ಧ ಗಂಟೆಯೊಳಗೆ ನನ್ನ ಮೊದಲ ಕೋಷ್ಟಕ ಸಿದ್ಧವಾಗಿತ್ತು. ಪಿಎಲ್‌ಎಫ್‌ಎಸ್‌ನಲ್ಲಿ ಅದೇ ಕೆಲಸಕ್ಕೆ ನಾಲ್ಕು ದಿನ ಹಿಡಿದಿತ್ತು. ಜೊತೆಗೆ 2004-05ರಲ್ಲಿ ಮಾತನಾಡಿಸಿದ ಮನೆಗಳ ಪೈಕಿ ಶೇ. 83ರಷ್ಟನ್ನು 2011-12ರಲ್ಲಿ ಮತ್ತೆ ಮಾತನಾಡಿಸಿರುವುದರಿಂದ, ಹಸು ಮಾರಿದ ಮನೆಯಲ್ಲಿ ಹೆಂಗಸಿನ ದುಡಿಮೆ ಎತ್ತ ಹೊರಳಿತು ಎಂಬುದನ್ನೂ ನೋಡಬಹುದು. ಕೊರತೆಯೆಂದರೆ, ಆ ಎರಡನೇ ಸುತ್ತಿಗೇ ಈಗ ದಶಕ ಮೀರಿದೆ. ದೇಶಕ್ಕೆಲ್ಲ ಸೇರಿ 42,152 ಮನೆಗಳಿರುವ ಮಾದರಿಯಲ್ಲಿ ಜಿಲ್ಲೆಯ ಮಾತೆತ್ತುವಂತಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2019-21ರ ಸುತ್ತಿನಲ್ಲಿ 6,36,699 ಮನೆಗಳಿವೆ ಎಂಬ ಗಾತ್ರಕ್ಕೆ ನಾನೂ ಮರುಳಾಗಿದ್ದೆ. ಆದರೆ ಹೆಂಗಸರ ಉದ್ಯೋಗದ ಪ್ರಶ್ನೆಯನ್ನು ಕೇಳಿರುವುದು ಅದರ ಒಂದು ಉಪಮಾದರಿಯಲ್ಲಿ ಮಾತ್ರ, ಅದೂ 15ರಿಂದ 49 ವರ್ಷದವರನ್ನು. ಕೊಟ್ಟಿಗೆಯ ಭಾರವನ್ನೆಲ್ಲ ಹೊತ್ತ ಅರವತ್ತರ ಅತ್ತೆ ಅದರೊಳಗೆ ಇಲ್ಲವೇ ಇಲ್ಲ. ಪೌಷ್ಟಿಕತೆ, ಹೆರಿಗೆಗಳ ವಿಷಯಕ್ಕೆ ಮಾತ್ರ ನಾನು ಕಣ್ಣುಮುಚ್ಚಿ ಅತ್ತಲೇ ಹೋಗುತ್ತೇನೆ. ಈ ದತ್ತಾಂಶವನ್ನು ವಿತರಿಸುತ್ತಿದ್ದ ಹಲವು ದೇಶಗಳ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಅಂತರರಾಷ್ಟ್ರೀಯ ಡಿಎಚ್‌ಎಸ್ ಕಾರ್ಯಕ್ರಮ 2025ರ ಫೆಬ್ರವರಿಯಲ್ಲಿ ಅಮೆರಿಕದ ನೆರವು ನಿಂತಾಗ ಸ್ಥಗಿತಗೊಂಡದ್ದನ್ನು ಕಂಡಮೇಲೆ, ಇಳಿಸಿಕೊಂಡ ಕಡತಗಳ ಪ್ರತಿಯನ್ನು ಪ್ರಶ್ನಾವಳಿಯ ಸಮೇತ ಎರಡು ಕಡೆ ಇಟ್ಟುಕೊಳ್ಳುತ್ತಿದ್ದೇನೆ.

ಈ ನಡುವೆ ಸಂಶೋಧಕರೊಬ್ಬರು ನನ್ನದೇ ವಿಷಯದ ಮೇಲೆ ತಾವು ಹಿಂದೆ ಸಂಗ್ರಹಿಸಿದ್ದ ಎಕ್ಸೆಲ್ ಹಾಳೆಯನ್ನು ಬಹಳ ಪ್ರೀತಿಯಿಂದ ಕಳಿಸಿಕೊಟ್ಟರು. ಅದರಲ್ಲಿ 'ಕ್ಯೂ7ಬಿ' ಎಂಬ ಅಂಕಣವಿತ್ತು, ಅದರಡಿಯಲ್ಲಿ 1ರಿಂದ 4ರವರೆಗಿನ ಅಂಕಿಗಳಿದ್ದವು. 3 ಎಂದರೇನೆಂದು ಕೇಳಿದಾಗ ಅವರಿಗೂ ನೆನಪಿರಲಿಲ್ಲ. ಪ್ರಶ್ನಾವಳಿಯ ಮುದ್ರಿತ ಪ್ರತಿ ಮನೆ ಬದಲಿಸುವಾಗ ಕಳೆದುಹೋಗಿತ್ತಂತೆ.

ಕೊನೆಗೆ ನನ್ನ ಪ್ರಬಂಧದ ಮುಖ್ಯ ಕೋಷ್ಟಕಗಳು ಐಎಚ್‌ಡಿಎಸ್‌ನಿಂದಲೇ ಬಂದವು. ಪಿಎಲ್‌ಎಫ್‌ಎಸ್‌ನಿಂದ ತೆಗೆದುಕೊಂಡದ್ದು ಒಂದೇ ಕೋಷ್ಟಕ, 93ರ ಸಂಕೇತ ಪಡೆದ ಕರ್ನಾಟಕದ ಗ್ರಾಮೀಣ ಹೆಂಗಸರದು. ಅದರ ಕೆಳಗೆ ಆ ಸಂಕೇತದ ಪೂರ್ಣ ವಿವರಣೆಯನ್ನು ಕೈಪಿಡಿಯಲ್ಲಿದ್ದಂತೆಯೇ ಕೊಟ್ಟಿದ್ದೇನೆ.