ಹಳೇ ಅಟಾರಿ ಕಾರ್ಟ್ರಿಡ್ಜಾ, ಹ್ಯೂಮನ್ ರಿಸೋರ್ಸ್ ಮೆಷೀನಾ?

ಮಗಳಿಗೆ ಪ್ರೋಗ್ರಾಮಿಂಗ್ ಕಲಿಸೋಕೆ ಈ ಎರಡರಲ್ಲಿ ಯಾವ್ದು ಕೊಡಿಸ್ಲಿ ಅಂತ ಕೇಳಿದ್ರಲ್ಲ ಅಣ್ಣ, ಖರ್ಚು ನೋಡಿದ್ರೆ ಮನೇಲಿ ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್ ಇದ್ರೆ ಹ್ಯೂಮನ್ ರಿಸೋರ್ಸ್ ಮೆಷೀನ್ ಅನ್ನೋ ಪಜಲ್ ಗೇಮ್ ಡೌನ್‌ಲೋಡ್ ಮಾಡ್ಕೊಂಡ್ರೆ ಆಯ್ತು, ಅದೇ ಅಟಾರಿ 2600 ಅನ್ನೋ ಹಳೇ ಗೇಮ್ ಕನ್ಸೋಲಿನ 'ಬೇಸಿಕ್ ಪ್ರೋಗ್ರಾಮಿಂಗ್' ಬೇಕಂದ್ರೆ ಆ ಕನ್ಸೋಲು, ಕಾರ್ಟ್ರಿಡ್ಜು, ಜೊತೆಗೆ ಎರಡು ಕೀಪ್ಯಾಡು ಎಲ್ಲಾ ಹುಡುಕ್ಬೇಕು.

ಈಗಷ್ಟೇ ಶುರು ಮಾಡೋರಿಗೆ ಸ್ವಿಚ್ಚಿನದೇ ಸುಲಭ, ಇರೋದೇ 11 ಕಮಾಂಡು. ಸೊನ್ನೆ ಬಂದ್ರೆ ಬಿಟ್ಟು ಉಳಿದಿದ್ದನ್ನ ಔಟ್‌ಬಾಕ್ಸಿಗೆ (ಹೊರಗೆ ಕಳಿಸೋ ಜಾಗಕ್ಕೆ) ಹಾಕೋ ಲೆವೆಲ್‌ನಲ್ಲಿ 'ಸೊನ್ನೆಯಾದ್ರೆ ಜಂಪ್' ಬಾಣಾನ ಮೇಲಕ್ಕೆ ಎಳೆದ ತಕ್ಷಣ ಇಫ್ಫು (ಹೀಗಾದ್ರೆ ಹಾಗೆ ಮಾಡು), ಲೂಪು (ಅದನ್ನೇ ಮತ್ತೆ ಮತ್ತೆ ಮಾಡು) ಎರಡೂ ಕಣ್ಣಿಗೇ ಕಾಣುತ್ತೆ, ನಂಗಂತೂ ಆ ಘಳಿಗೆ ತುಂಬಾ ಇಷ್ಟ. ಕೊನೇ ಲೆವೆಲ್‌ಗಳು ದೊಡ್ಡೋರಿಗೂ ಕಷ್ಟ, ಪಕ್ಕದಲ್ಲೇ ಕೂತ್ಕೊಳ್ಳಿ.

ಅಟಾರೀಲಿ ಪಜಲ್ ಇಲ್ಲ, ನಾವೇ ಬರೀಬೇಕು, ಇಡೀ ಕನ್ಸೋಲಿಗೆ 128 ಬೈಟ್ ರ‍್ಯಾಮ್, ಆಫ್ ಮಾಡಿದ್ರೆ ಬರೆದಿದ್ದೆಲ್ಲ ಹೋಯ್ತು. ಆದ್ರೆ ಮೆಷೀನ್ ಒಳಗೆ ಏನಾಗುತ್ತೆ ಅನ್ನೋ ಕುತೂಹಲ ಇರೋ ಮಗುವಾದ್ರೆ ಅದೇ ಹಿಡಿಸುತ್ತೆ, ಸ್ಟ್ಯಾಕು (ಲೆಕ್ಕದ ಮಧ್ಯದ ಹಂತಗಳು), ವೇರಿಯಬಲ್ಲು (ಹೆಸರು ಕೊಟ್ಟು ಇಟ್ಕೊಂಡ ಸಂಖ್ಯೆಗಳು) ಬದಲಾಗೋದು ಟೀವಿ ಮೇಲೇ ಕಾಣುತ್ತೆ.